ತುರ್ಕಿಯ ಕೊಫ್ತೆ, ನಮ್ಮೂರ ಅಲಸಂಡೆ

ಸಹೋದರಿಯರೇ, ಈ ತಿಂಗಳು ಅಡುಗೆಯ ವಿಧಾನಕ್ಕೆ ಹೋಗುವ ಮೊದಲು ನಿಮ್ಮಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ. ಕಳೆದ ಸಲ ನಿಮ್ಮ ಮನೆಯಲ್ಲಿ ಮಟನ್ ಪದಾರ್ಥ ಮಾಡಿದಾಗ ನಿಮ್ಮ ಬಟ್ಟಲಿಗೆ ಎಷ್ಟು ತುಂಡು ಬಂತು? ಸ್ವಲ್ಪ ಯೋಚಿಸಿ ಹೇಳಿ. ಹೆಚ್ಚಿನವರ ಉತ್ತರ ನನಗೆ ಗೊತ್ತು. ಗಂಡಸರದ್ದಾಯಿತು, ಮಕ್ಕಳದ್ದಾಯಿತು, ಅಷ್ಟರಲ್ಲಿ ಯಾರೋ ನೆಂಟರು ಬಂದರು, ಅವರದ್ದೂ ಆಯಿತು. ಕೊನೆಗೆ ನಾವು ಕುಳಿತಾಗ ಪಾತ್ರೆಯ ತಳದಲ್ಲಿ ಒಂದಿಷ್ಟು ಗಸಿ, ಎರಡು ಎಲುಬು, ಒಂದು ಬಟಾಟೆ. "ನನಗೆ ಗಸಿಯೇ ಇಷ್ಟ" ಎಂದು ನಾವೇ ಹೇಳುತ್ತೇವೆ. ಹೇಳಿ ಹೇಳಿ ಅದು ನಿಜವೇ ಇರಬೇಕು ಎಂದು ನಮಗೂ ಅನಿಸತೊಡಗುತ್ತದೆ.

ಯಾರೂ ನಮ್ಮ ಬಟ್ಟಲಿನಿಂದ ಕಿತ್ತುಕೊಂಡದ್ದಲ್ಲ. ಪದಾರ್ಥದ ಸ್ವಭಾವವೇ ಹಾಗೆ. ಗಸಿಯೊಳಗೆ ಎಷ್ಟು ತುಂಡು ಉಳಿದಿದೆ ಎಂದು ಯಾರ ಕಣ್ಣಿಗೂ ಕಾಣುವುದಿಲ್ಲ. ಸೌಟಿಗೆ ಸಿಕ್ಕಿದವರಿಗೆ ಸಿಕ್ಕಿತು, ಅಷ್ಟೆ.

ನನ್ನ ತಮ್ಮ ದಮ್ಮಾಮ್‌ನಲ್ಲಿ ಒಂದು ತುರ್ಕಿ ಹೋಟೆಲಿನ ಅಡುಗೆಮನೆಯಲ್ಲಿ ಆರು ವರ್ಷ ದುಡಿದವನು. ರಜೆಯಲ್ಲಿ ಬಂದವನು ಹೆಂಡತಿಯನ್ನೂ ಕರೆದುಕೊಂಡು ಬೆಳುವಾಯಿಯ ನಮ್ಮ ಮನೆಗೆ ಊಟಕ್ಕೆ ಬಂದ. ಅವತ್ತು ಮನೆಯಲ್ಲಿದ್ದದ್ದು ಅರ್ಧ ಕಿಲೋ ಮಟನ್, ತಿನ್ನುವ ಬಾಯಿ ಎಂಟು. ಮಟನ್‌ನ ಬೆಲೆ ನಿಮಗೆ ಹೇಳಬೇಕೇ? ಇನ್ನರ್ಧ ಕಿಲೋ ತರಿಸಲೇ ಎಂದು ನಾನು ಯೋಚಿಸುತ್ತಿದ್ದಾಗ ಅವನು ಅಡುಗೆಮನೆಗೆ ಬಂದು ನೋಡಿ, "ಇಷ್ಟು ಧಾರಾಳ ಸಾಕು, ಎಂಟು ಜನರಿಗೆ ಇಪ್ಪತ್ತನಾಲ್ಕು ಕೊಫ್ತೆ ಮಾಡುವ" ಎಂದ. ನನಗೆ ನಗು ಬಂತು. ಆದರೆ ಇಪ್ಪತ್ತನಾಲ್ಕು ಆಯಿತು. ತಲೆಗೆ ಮೂರರಂತೆ ಎಣಿಸಿ ಎಂಟು ಬಟ್ಟಲಿಗೆ ಹಾಕಿದ. ಎಂಟನೆಯ ಬಟ್ಟಲು ನನ್ನದು. ಅದನ್ನು ಮೊದಲೇ ತೆಗೆದಿಟ್ಟಿದ್ದ.

ನಮ್ಮ ಅತ್ತೆ ಎರಡು ವರ್ಷದಿಂದ ಮಾಂಸ ಮುಟ್ಟುತ್ತಿರಲಿಲ್ಲ. ಕೇಳಿದರೆ "ನನಗೆ ಈಗ ಸೇರುವುದಿಲ್ಲ ಮಗಳೇ" ಎನ್ನುತ್ತಿದ್ದರು. ನಾವು ನಂಬಿದ್ದೆವು. ಅವತ್ತು ಅವರು ತಮ್ಮನ ಒತ್ತಾಯಕ್ಕೆ ಒಂದು ಕೊಫ್ತೆಯನ್ನು ಬೆರಳಲ್ಲಿ ಮುರಿದು ಬಾಯಿಗಿಟ್ಟರು. ಮತ್ತೆ ಇನ್ನೊಂದು. ಮೂರನ್ನೂ ಮುಗಿಸಿ, ಬಟ್ಟಲನ್ನು ಅಲಸಂಡೆಯ ಪೇಸ್ಟಿನಲ್ಲಿ ಒರೆಸಿ ತಿಂದರು. ಸೇರದೆ ಇದ್ದದ್ದಲ್ಲ, ಸಹೋದರಿಯರೇ. ದವಡೆಯ ಹಲ್ಲುಗಳು ಹೋಗಿದ್ದವು, ಕಟ್ಟಿಸಿದ ಹಲ್ಲು ಒಸಡಿಗೆ ತಾಗಿ ನೋಯುತ್ತಿತ್ತು. ಜಗಿಯಲಾಗದು ಎಂದು ಹೇಳಿದರೆ ಮಗನಿಗೆ ಮತ್ತೆ ದಂತವೈದ್ಯರ ಖರ್ಚು ಎಂದು ಸುಮ್ಮನಿದ್ದರು. ಒಂದೇ ಮನೆಯಲ್ಲಿ ದಿನಾ ಬಡಿಸುತ್ತಿದ್ದ ನನಗೆ ಇದು ತಿಳಿಯಲು ಎರಡು ವರ್ಷ ಬೇಕಾಯಿತು.

ಹಾಗಾಗಿ ಈ ಸಲ ಕೊಫ್ತೆ. ನಮ್ಮ ಹೋಟೆಲುಗಳಲ್ಲಿ ಸಿಗುವ 'ಕೋಫ್ತಾ'ದ ಮೂಲವೂ, ತುರ್ಕಿಯವರ 'ಕೊಫ್ತೆ'ಯ ಮೂಲವೂ ಒಂದೇ, ಜಜ್ಜುವುದು, ಅರೆಯುವುದು ಎಂಬ ಅರ್ಥದ ಒಂದು ಪಾರಸಿ ಶಬ್ದ. ಅರೆದ ಮಾಂಸವನ್ನು ಉಂಡೆ ಕಟ್ಟುವ ಅಡುಗೆ ಬಹಳ ಹಳೆಯದು. 1226ರಲ್ಲಿ ಬಗ್ದಾದಿನಲ್ಲಿ ಬರೆದ ಒಂದು ಅಡುಗೆ ಪುಸ್ತಕದಲ್ಲಿ ಮಾಂಸದ ಉಂಡೆಗಳ ಪದಾರ್ಥಗಳಿವೆ, ಅದರ ಕೈಬರಹದ ಪ್ರತಿ ಇರುವುದು ಇಸ್ತಾಂಬುಲಿನಲ್ಲಿ. ಸ್ವೀಡನ್ ದೇಶದವರು ತಮ್ಮ ಹೆಮ್ಮೆಯ ಮಾಂಸದುಂಡೆ ನಮ್ಮದೇ ಎಂದು ಹೇಳಿಕೊಳ್ಳುತ್ತಿದ್ದರು. 2018ರಲ್ಲಿ ಆ ದೇಶದ ಅಧಿಕೃತ ಖಾತೆಯೇ, ಇದು ಹದಿನೆಂಟನೆಯ ಶತಮಾನದ ಆರಂಭದಲ್ಲಿ ನಮ್ಮ ರಾಜ ಹನ್ನೆರಡನೆಯ ಚಾರ್ಲ್ಸ್ ತುರ್ಕಿಯಿಂದ ತಂದ ಅಡುಗೆ ಎಂದು ಒಪ್ಪಿಕೊಂಡಿತು. ಯುದ್ಧದಲ್ಲಿ ಸೋತು ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಐದು ವರ್ಷ ಆಶ್ರಯ ಪಡೆದ ರಾಜ ಆತ. ಮರಳುವಾಗ ಅಡುಗೆಯೊಂದನ್ನಾದರೂ ಕೊಂಡುಹೋದನಲ್ಲ!

ತುರ್ಕಿಯಲ್ಲಿ ಊರಿಗೊಂದು ಕೊಫ್ತೆ. ಇಸ್ತಾಂಬುಲಿನ ಸುಲ್ತಾನಹಮದ್ ಚೌಕದ ಬಳಿ 1920ರಿಂದ ಕೊಫ್ತೆಗೇ ಹೆಸರಾದ ಅಂಗಡಿಯಿದೆ. ಅಲ್ಲಿ ಕೊಫ್ತೆಯ ಜೊತೆ ಬೇಯಿಸಿದ ಬಿಳಿ ಬೀನ್ಸ್ ಕಾಳಿನ 'ಪಿಯಾಜ್' ಕೊಡುತ್ತಾರೆ. ನೀರುಳ್ಳಿಯ ಹೆಸರು, ಆದರೆ ಮುಖ್ಯವಾದುದು ಕಾಳು. ಬುರ್ಸಾ ಪ್ರಾಂತದ ಇನೆಗೋಲ್ ಎಂಬ ಊರಿನದ್ದು ಇನ್ನೊಂದು ಬಗೆ. ಬಾಲ್ಕನ್ ಕಡೆಯಿಂದ ವಲಸೆ ಬಂದವರು ತಂದದ್ದು. ಮಸಾಲೆ ಬಹಳ ಕಡಿಮೆ, ಮೃದುವಾಗಲು ಚಿಟಿಕೆ ಸೋಡಾ. ಮನೆಗಳಲ್ಲಿ ಮಾಡುವುದು 'ಕುರು ಕೊಫ್ತೆ', ಅಂದರೆ ಗಸಿಯಿಲ್ಲದ ಒಣ ಕೊಫ್ತೆ. ಹಳಸಲು ಬ್ರೆಡ್ ಬೆರೆಸಿ, ಬೆರಳಿನ ಆಕಾರ ಮಾಡಿ, ಎಣ್ಣೆಯಲ್ಲಿ ಕರಿದು ಪ್ರಯಾಣಕ್ಕೂ ಕಟ್ಟಿಕೊಳ್ಳುತ್ತಾರೆ. ತಮ್ಮ ನಮ್ಮಲ್ಲಿ ಮಾಡಿದ್ದು ಈ ಎರಡರ ನಡುವಿನದ್ದು. ನೋಡಿ, ಇದು ಶ್ರೀಮಂತರ ಊಟವೇ ಅಲ್ಲ. ನಿನ್ನೆಯ ಬ್ರೆಡ್, ಒಂದು ನೀರುಳ್ಳಿ, ಒಂದು ಹಿಡಿ ಕಾಳು, ಇವುಗಳಿಂದ ಸ್ವಲ್ಪ ಮಾಂಸವನ್ನು ದೊಡ್ಡ ಸಂಸಾರಕ್ಕೆ ಸಾಲುವಂತೆ ಮಾಡಿದ ಗೃಹಿಣಿಯರ ಬುದ್ಧಿ ಇದು.

ಇನ್ನು ಕೈಗೆ ಕೆಲಸ. ಎಂಟು ಜನರಿಗೆ ಬೇಕಾಗುವ ಸಾಮಗ್ರಿ: ಎಲುಬಿಲ್ಲದ ಮಟನ್ ಅರ್ಧ ಕಿಲೋ, ಹಿಂದಿನ ದಿನದ ಬ್ರೆಡ್ 3 ತುಂಡು ಅಥವಾ ಒಣಗಿದ ಪಾವ್ 2, ದೊಡ್ಡ ನೀರುಳ್ಳಿ 1, ಬೆಳ್ಳುಳ್ಳಿ 2 ಎಸಳು, ಜೀರಿಗೆ ಹುಡಿ 1 ಚಮಚ, ಕಾಳುಮೆಣಸಿನ ಹುಡಿ ಅರ್ಧ ಚಮಚ, ಬ್ಯಾಡಗಿ ಮೆಣಸಿನ ತರಿ ಹುಡಿ 1 ಚಮಚ, ಅಡುಗೆ ಸೋಡಾ ಕಾಲು ಚಮಚ, ಉಪ್ಪು ಒಂದೂವರೆ ಚಮಚ, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು ಒಂದು ಹಿಡಿ. ಚಮಚ ಎಂದರೆ ಚಾ ಚಮಚ, ಮಟ್ಟಸ ಮಾಡಿದ್ದು.

ಮಾಂಸ ತರುವಾಗಲೇ ಒಂದು ಮಾತು. ನಮ್ಮವರು ಅಂಗಡಿಯಲ್ಲಿ "ನೆಣ ತೆಗೆದು ಕೊಡಿ" ಎನ್ನುತ್ತಾರೆ. ಕೊಫ್ತೆಗೆ ಹಾಗೆ ಹೇಳಬೇಡಿ. ಐದರಲ್ಲಿ ಒಂದು ಪಾಲು ನೆಣ ಇದ್ದರೆ ಮಾತ್ರ ಒಳಗೆ ರಸ ಉಳಿಯುತ್ತದೆ, ಇಲ್ಲವಾದರೆ ಮರದ ಹುಡಿ ತಿಂದಂತೆ. ಕೋಳಿಯಲ್ಲಿ ಮಾಡುವವರು ಎದೆಯ ಮಾಂಸ ಬಿಟ್ಟು ತೊಡೆಯ ಮಾಂಸ ತೆಗೆದುಕೊಳ್ಳಿ.

ಈಗ ನನ್ನ ಸೋಲಿನ ಕಥೆ. ತಮ್ಮ ಹೋದ ಮೇಲೆ ನಾನೊಬ್ಬಳೇ ಮೊದಲ ಸಲ ಮಾಡಲು ಹೊರಟಾಗ ಅಂಗಡಿಯಿಂದ ಖೀಮಾ ಮಾಡಿಸಿ ತಂದೆ. ಮಾಂಸವನ್ನು ತೊಳೆಯದೆ ಒಲೆಯ ಮೇಲಿಡಲು ನಮಗೆ ಮನಸ್ಸು ಬರುವುದುಂಟೇ? ತೂತಿನ ಪಾತ್ರೆಯಲ್ಲಿ ಹಾಕಿ ಮೂರು ನೀರಿನಲ್ಲಿ ತೊಳೆದೆ. ಕೈಗೆ ಬಂದದ್ದು ಬಣ್ಣ ಹೋದ, ನೀರು ಕುಡಿದ ಹತ್ತಿ. ಉಂಡೆ ನಿಲ್ಲಲಿಲ್ಲ. ಇನ್ನೆರಡು ಬ್ರೆಡ್ ಸುರಿದೆ, ಮೊಟ್ಟೆ ಒಡೆದು ಹಾಕಿದೆ. ಕಾವಲಿಗೆ ಹಾಕಿದ ಮೇಲೆ ಎಲ್ಲ ಒಡೆದು ಕೊನೆಗೆ ಖೀಮಾ ಪಲ್ಯವಾಯಿತು. ಮಕ್ಕಳು ಅದನ್ನೇ ತಿಂದರು, ಪಾಪ. ಆಮೇಲೆ ಫೋನಿನಲ್ಲಿ ತಮ್ಮನ ಉಪದೇಶ: ತೊಳೆಯಬೇಕಾದದ್ದು ತುಂಡನ್ನು, ಖೀಮಾವನ್ನಲ್ಲ. ಆದ್ದರಿಂದ ಮಾಂಸವನ್ನು ತುಂಡಾಗಿಯೇ ತನ್ನಿ. ನಿಮ್ಮ ಸಮಾಧಾನಕ್ಕೆ ಬೇಕಾದಷ್ಟು ತೊಳೆದು, ನೀರು ಪೂರ್ತಿ ಇಳಿಸಿ, ಶುಭ್ರವಾದ ಬಟ್ಟೆಯಲ್ಲಿ ಒತ್ತಿ ಒರೆಸಿ. ಮತ್ತೆ ಸಣ್ಣ ತುಂಡು ಮಾಡಿ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ತುಸು ಗಟ್ಟಿಯಾದ ಮೇಲೆ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಲ ಓಡಿಸಿದರೆ ಬಿಸಿಯಾಗಿ ನೆಣ ಕರಗಿ ಅಂಟಂಟಾಗುತ್ತದೆ.

ನೀರುಳ್ಳಿಯನ್ನು ತುರಿದು ರಸ ಹಿಂಡಿ. ಆ ರಸವನ್ನು ಚೆಲ್ಲಬೇಡಿ, ಬ್ರೆಡ್ಡನ್ನು ಅದರಲ್ಲೇ ನೆನೆಸಿ. ನೆನೆದ ಬ್ರೆಡ್ ಮಾಂಸದ ಎಳೆಗಳ ನಡುವೆ ಕುಳಿತು ರಸವನ್ನು ಹೀರಿಟ್ಟುಕೊಳ್ಳುತ್ತದೆ. ಕೊಫ್ತೆ ಹಲ್ಲಿಲ್ಲದವರ ಬಾಯಲ್ಲೂ ಕರಗುವುದು ಇದರಿಂದ. ಈಗ ಎಲ್ಲವನ್ನೂ ಒಟ್ಟಿಗೆ ಹಾಕಿ ಐದಾರು ನಿಮಿಷ ಚಪಾತಿ ಹಿಟ್ಟಿನಂತೆ ನಾದಿ. ಇಲ್ಲಿ ಅವಸರ ಬೇಡ. ಉಪ್ಪು ಬಿದ್ದ ಮಾಂಸವನ್ನು ನಾದಿದಂತೆ ಅದರೊಳಗಿನ ಪ್ರೋಟೀನ್ ಬಿಟ್ಟುಕೊಂಡು ತಾನೇ ಅಂಟಾಗುತ್ತದೆ, ಮೊಟ್ಟೆಯ ಅಗತ್ಯವೇ ಬೀಳುವುದಿಲ್ಲ. ಸೋಡಾ ಮಾಂಸದ ನಾರು ಬಿಗಿಯಾಗದಂತೆ ನೋಡಿಕೊಳ್ಳುತ್ತದೆ. ಕಾಲು ಚಮಚಕ್ಕಿಂತ ಹೆಚ್ಚು ಹಾಕಿದರೆ ಸಾಬೂನಿನ ರುಚಿ ಬಂದೀತು, ಜಾಗ್ರತೆ. ಮುಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿಡಿ.

ಇನ್ನೊಂದು ಕಷ್ಟದ ಕೆಲಸವಿದೆ, ಕೈಯನ್ನು ಕಟ್ಟಿಕೊಳ್ಳುವುದು. ಶುಂಠಿ ಹಾಕಬೇಡಿ, ಗರಂ ಮಸಾಲೆ ಹಾಕಬೇಡಿ, ಹಸಿಮೆಣಸು ಹಾಕಬೇಡಿ. ನಮ್ಮ ಕೈ ತಾನಾಗಿಯೇ ಆ ಡಬ್ಬಿಗಳ ಕಡೆ ಹೋಗುತ್ತದೆ. ಹಾಕಿದರೆ ಅದು ಶಾಮಿ ಕಬಾಬೋ ಕಟ್ಲೆಟ್ಟೋ ಆಗುತ್ತದೆ. ಅವೂ ಒಳ್ಳೆಯವೇ, ಆದರೆ ಇದಲ್ಲ. ಇದರಲ್ಲಿ ಮಾಂಸದ ರುಚಿಯೇ ಮೇಲೆ ನಿಲ್ಲಬೇಕು. ತುರ್ಕಿಯವರು ಖಾರ ಕಡಿಮೆಯ ಕೆಂಪು ಮೆಣಸನ್ನು ತರಿಯಾಗಿ ಕುಟ್ಟಿ ಹಾಕುತ್ತಾರೆ. ಅದಕ್ಕೆ ನಮ್ಮ ಬ್ಯಾಡಗಿಗಿಂತ ಹತ್ತಿರದ ನೆಂಟ ಬೇರಿಲ್ಲ.

ಅಂಗೈಗೆ ನೀರು ಸವರಿಕೊಂಡು ನಿಂಬೆಹಣ್ಣಿಗಿಂತ ತುಸು ಚಿಕ್ಕ ಉಂಡೆ ಮಾಡಿ, ಹೆಬ್ಬೆರಳಿನಷ್ಟು ಉದ್ದಕ್ಕೆ ಉರುಳಿಸಿ ಸ್ವಲ್ಪ ಚಪ್ಪಟೆ ಮಾಡಿ. ಮೊದಲೇ ಹಿಟ್ಟನ್ನು ನಾಲ್ಕು ಪಾಲು ಮಾಡಿ, ಪ್ರತಿ ಪಾಲಿನಲ್ಲಿ ಆರು ಮಾಡಿದರೆ ಲೆಕ್ಕ ಸರಿಯಾಗುತ್ತದೆ. ಕಬ್ಬಿಣದ ಕಾವಲಿಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಹಾಕಿ ಮಧ್ಯಮ ಉರಿಯಲ್ಲಿ ಒಂದೊಂದು ಬದಿ ಸುಮಾರು ನಾಲ್ಕು ನಿಮಿಷ ಕಾಯಿಸಿ. ಒತ್ತಬೇಡಿ, ಪದೇ ಪದೇ ಮಗುಚಬೇಡಿ. ಒಂದನ್ನು ಮುರಿದು ನೋಡಿ. ಒಳಗೆ ಕೆಂಪು ಇರಬಾರದು, ಬರುವ ರಸ ತಿಳಿಯಾಗಿರಬೇಕು. ತುಂಡು ಮಾಂಸದಲ್ಲಿ ರೋಗಾಣು ಹೊರಮೈಯಲ್ಲಿ ಮಾತ್ರ ಇರುವುದು ಹೆಚ್ಚು. ಅರೆದಾಗ ಹೊರಗಿನದ್ದೆಲ್ಲ ಒಳಗೆ ಸೇರುತ್ತದೆ. ಆದ್ದರಿಂದ ಅರೆಬೆಂದ ಕೊಫ್ತೆಯನ್ನು ಮಕ್ಕಳಿಗೂ ಬಸುರಿಯರಿಗೂ ಮುದುಕರಿಗೂ ಕೊಡಲೇಬಾರದು. ಎಣ್ಣೆ ಯಾವುದು ಎನ್ನುತ್ತೀರಾ? ಸೂರ್ಯಕಾಂತಿ ಅಥವಾ ನೆಲಗಡಲೆ. ತೆಂಗಿನೆಣ್ಣೆ ನನಗೆ ಪ್ರಾಣ, ಆದರೆ ಇದಕ್ಕೆ ಅದರ ಪರಿಮಳ ಹೊಂದುವುದಿಲ್ಲ.

ಕೊಫ್ತೆ ಫ್ರಿಜ್‌ನಲ್ಲಿರುವಾಗ ಕಾಳಿನ ಕೆಲಸ. ಅಂತಾಲ್ಯಾ ಎಂಬ ಕರಾವಳಿ ನಗರದಲ್ಲಿ ಬಿಳಿ ಬೀನ್ಸ್ ಕಾಳಿಗೆ ಅರೆದ ಎಳ್ಳು, ಬೆಳ್ಳುಳ್ಳಿ, ಹುಳಿ ಬೆರೆಸುವ ಕ್ರಮವಿದೆ. ಅವರು ಕಾಳನ್ನು ಇಡಿಯಾಗಿ ಬಿಡುತ್ತಾರೆ, ನಾವು ಅರೆದು ಪೇಸ್ಟ್ ಮಾಡುವ. ಆ ಬಿಳಿ ಕಾಳು ಹುಡುಕಲು ಮೂಡುಬಿದಿರೆಗೋ ಕಾರ್ಕಳಕ್ಕೋ ಬಸ್ ಹತ್ತುವ ಅಗತ್ಯವಿಲ್ಲ. ನಮ್ಮ ಬಿಳಿ ಅಲಸಂಡೆ ಬೀಜ ಇದೆಯಲ್ಲ, ಅದು ಬೇಗ ಬೇಯುತ್ತದೆ, ಬೆಣ್ಣೆಯ ಹಾಗೆ ಅರೆಯುತ್ತದೆ.

ಅಲಸಂಡೆ ಬೀಜ 250 ಗ್ರಾಮ್ ರಾತ್ರಿ ನೆನೆಸಿಡಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರು ಹಾಕಿ, ಕುಕ್ಕರಿನಲ್ಲಿ ಮೂರು ನಾಲ್ಕು ವಿಸಿಲ್ ಬರಿಸಿ. ಎರಡು ಬೆರಳಿನ ನಡುವೆ ಹಿಸುಕಿದರೆ ಪುಡಿಯಾಗಬೇಕು. ಬೆಂದ ನೀರನ್ನು ಒಂದು ಲೋಟ ತೆಗೆದಿಡಿ. ಬಿಳಿ ಎಳ್ಳು ಮೂರು ದೊಡ್ಡ ಚಮಚದಷ್ಟನ್ನು ಸಣ್ಣ ಉರಿಯಲ್ಲಿ, ಬಣ್ಣ ಬದಲಾಗುವ ಮೊದಲೇ ಹುರಿದು ತೆಗೆಯಿರಿ. ಕಂದಾದರೆ ಕಹಿ. ಎಳ್ಳಿಗೆ ಒಂದು ದೊಡ್ಡ ಚಮಚ ಎಣ್ಣೆ ಹಾಕಿ ಮೊದಲು ಅದನ್ನೇ ನುಣ್ಣಗೆ ಅರೆಯಿರಿ. ಮತ್ತೆ ಕಾಳು, ಬೆಳ್ಳುಳ್ಳಿ 2 ಎಸಳು, ಒಂದೂವರೆ ನಿಂಬೆಹಣ್ಣಿನ ರಸ, ಉಪ್ಪು, ಚಿಟಿಕೆ ಜೀರಿಗೆ ಹುಡಿ ಸೇರಿಸಿ, ತೆಗೆದಿಟ್ಟ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಇಡ್ಲಿ ಹಿಟ್ಟಿನ ಹದಕ್ಕೆ ಅರೆಯಿರಿ. ಆರಿದಾಗ ಇನ್ನೂ ಗಟ್ಟಿಯಾಗುತ್ತದೆ, ಆದ್ದರಿಂದ ಕೊಂಚ ತೆಳ್ಳಗಿದ್ದರೂ ಚಿಂತೆ ಬೇಡ. ಬಸಿಯಲ್ಲಿ ಹರಡಿ, ಸೌಟಿನ ಬೆನ್ನಿನಿಂದ ಗುಳಿ ಮಾಡಿ, ಎರಡು ಚಮಚ ಬಿಸಿ ಎಣ್ಣೆಗೆ ಒಲೆಯಿಂದ ಇಳಿಸಿದ ಮೇಲೆ ಬ್ಯಾಡಗಿ ಹುಡಿ ಹಾಕಿ ಆ ಗುಳಿಗೆ ಸುರಿಯಿರಿ.

ಅಲಸಂಡೆ ಇಲ್ಲದವರು ರಾಜ್ಮಾ ಹಾಕಬಹುದೇ ಎಂದು ಕೇಳುತ್ತೀರಿ. ಹಾಕಬಹುದು, ಆದರೆ ಜಾಗ್ರತೆಯಿಂದ. ಹಸಿ ರಾಜ್ಮಾದಲ್ಲಿ ವಾಂತಿ ಭೇದಿ ಬರಿಸುವ ವಿಷಾಂಶವಿದೆ. ನಾಲ್ಕೈದು ಹಸಿ ಕಾಳು ಕೂಡ ಸಾಕು. ನೆನೆಸಿದ ನೀರು ಚೆಲ್ಲಿ, ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಬೇಕು. ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿದರೆ ಭಯವಿಲ್ಲ. ಸಣ್ಣ ಉರಿಯಲ್ಲಿ ಕುದಿಯದ ಹಾಗೆ ಗಂಟೆಗಟ್ಟಲೆ ಬಿಸಿಯಾಗಿಡುವುದೇ ಅಪಾಯ.

ಗಲ್ಫ್‌ನಿಂದ ಬಂದವರ ಪೆಟ್ಟಿಗೆಯಲ್ಲಿ 'ಫೂಲ್' ಕಾಳಿನ ಡಬ್ಬಿ ಇರುವುದುಂಟು. ತುರ್ಕಿಯಲ್ಲಿ ಅದೇ ಕಾಳನ್ನು ಒಣಗಿಸಿ ಬೇಯಿಸಿ ಅರೆದು, ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಬರ್ಫಿಯಂತೆ ಕತ್ತರಿಸಿ ಮೇಲೆ ಸಬ್ಬಸಿಗೆ ಸೊಪ್ಪು ಉದುರಿಸುತ್ತಾರೆ. 'ಫಾವಾ' ಎಂದು ಹೆಸರು. ಮಾಡಿ ನೋಡಬಹುದು. ಆದರೆ ಮನೆಯಲ್ಲಿ ಯಾರಿಗಾದರೂ 'ಜಿ ಸಿಕ್ಸ್ ಪಿ ಡಿ' ಎಂಬ ಕಿಣ್ವದ ಕೊರತೆಯಿದೆ ಎಂದು ವೈದ್ಯರು ಹೇಳಿದ್ದರೆ ಅವರಿಗೆ ಆ ಕಾಳು ಕೊಡಬೇಡಿ. ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆಯಾಗುವ ಸಂಭವವಿದೆ. ಗಂಡುಮಕ್ಕಳಲ್ಲಿ ಈ ಕೊರತೆ ಹೆಚ್ಚು.

ಜೊತೆಗೆ ಹಸಿ ನೀರುಳ್ಳಿಯೂ ಇರಲಿ. ತುರ್ಕಿಯವರು ಅದಕ್ಕೆ 'ಸುಮಾಕ್' ಎಂಬ ಹುಳಿ ಹುಡಿ ಉದುರಿಸುತ್ತಾರೆ. ನಾನು ಪುನರ್ಪುಳಿ ಸಿಪ್ಪೆಯನ್ನು ಸ್ವಲ್ಪ ಬಿಸಿನೀರಿನಲ್ಲಿ ನೆನೆಸಿ, ಆ ಗಟ್ಟಿ ರಸವನ್ನು ಉಪ್ಪು ಹಚ್ಚಿದ ನೀರುಳ್ಳಿಯ ಮೇಲೆ ಎರಡು ಚಮಚ ಹಾಕಿದೆ. ಬಣ್ಣವೂ ಬಂತು, ಹುಳಿಯೂ ಬಂತು. ತಮ್ಮ ಒಪ್ಪಲಿಲ್ಲ, ಮನೆಯವರೆಲ್ಲ ಒಪ್ಪಿದರು. ಜೊತೆಗೆ ತೆಳ್ಳಗಿನ ಅಕ್ಕಿ ಪತ್ತಿರ್ ಇದ್ದರೆ ಬಹಳ ಚೆನ್ನ. ಈಗ ನಮ್ಮ ಕಡೆಯ ಬೇಕರಿಗಳಲ್ಲಿ ಕುಬ್ಬೂಸ್ ಸಿಗುತ್ತದೆ, ಅದೂ ಆಗುತ್ತದೆ. ಬೆಳ್ತಿಗೆ ಅನ್ನಕ್ಕೂ ಸೈ, ಕುಚ್ಚಲಕ್ಕಿಗೆ ಮಾತ್ರ ಯಾಕೋ ಸರಿಹೋಗುವುದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರುವ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಎಂದು ಕಂಡುಬಂತು. ಮೆಟ್ಟಿಲು ಹತ್ತುವಾಗ ಏದುಸಿರು, ಮಧ್ಯಾಹ್ನ ಸುಸ್ತು, ಕೂದಲು ಉದುರುವುದು, ಇವನ್ನೆಲ್ಲ ನಾವು 'ಕೆಲಸ ಜಾಸ್ತಿ' ಎಂಬ ಲೆಕ್ಕಕ್ಕೆ ಬರೆಯುತ್ತೇವೆ. ಮಾಂಸದಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸುಲಭವಾಗಿ ಹತ್ತುತ್ತದೆ, ಕಾಳಿನದ್ದು ಅಷ್ಟು ಸುಲಭವಲ್ಲ. ಆದರೆ ಅದೇ ಕಾಳನ್ನು ಸ್ವಲ್ಪ ಮಾಂಸದ ಜೊತೆ, ನಿಂಬೆಹುಳಿ ಸೇರಿಸಿ ತಿಂದರೆ ಕಾಳಿನ ಕಬ್ಬಿಣವೂ ಹೆಚ್ಚು ಹತ್ತುತ್ತದೆ. ಅಂದರೆ ಮೂರು ಕೊಫ್ತೆ, ಎರಡು ಸೌಟು ಅಲಸಂಡೆ, ಅದರಲ್ಲಿನ ನಿಂಬೆ, ಇವು ಒಂದಕ್ಕೊಂದು ಕೈಹಿಡಿಯುತ್ತವೆ. ಗಸಿ ಮಾತ್ರ ತಿಂದವಳಿಗೆ ಇದು ಸಿಗುವುದಿಲ್ಲ. ಮತ್ತೆ ಊಟ ಮುಗಿದ ಕೂಡಲೇ ಚಾ ಕುಡಿಯುವ ಅಭ್ಯಾಸ ನಮ್ಮದು. ಚಾ ಈ ಕಬ್ಬಿಣವನ್ನು ತಡೆಯುತ್ತದೆ. ಒಂದು ಗಂಟೆ ಕಳೆದು ಕುಡಿಯಿರಿ, ನಾನೂ ಕಷ್ಟಪಟ್ಟು ಕಲಿತಿದ್ದೇನೆ. ರಕ್ತಹೀನತೆ ನಿಜವಾಗಿಯೂ ಇದ್ದವರು ಅಡುಗೆಯನ್ನೇ ನೆಚ್ಚಿಕೊಳ್ಳದೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ನೆಂಟರು ಬಂದರೆ ಏನು ಮಾಡುವುದು, ಎಣಿಸಿ ಬಡಿಸುವುದು ಮರ್ಯಾದೆಯೇ ಎಂದು ಒಬ್ಬ ಸಹೋದರಿ ಕೇಳಿದರು. ಒಳ್ಳೆಯ ಪ್ರಶ್ನೆ. ಅತಿಥಿಯ ಮುಂದೆ ಎಣಿಸಬೇಡಿ, ಅಡುಗೆಮನೆಯಲ್ಲಿ ಎಣಿಸಿ. ಇಬ್ಬರು ಹೆಚ್ಚು ಬಂದರೆ ಎಲ್ಲರದ್ದೂ ಎರಡೆರಡಾಗಲಿ, ಉಳಿದ ನಾಲ್ಕು ಮಕ್ಕಳಿಗೆ ಹೋಗಲಿ. ಅಲಸಂಡೆಯ ಬಸಿಯನ್ನು ತುಂಬಿಸಿ ಇಡಿ, ಹೊಟ್ಟೆ ತುಂಬುವುದು ಅದರಿಂದಲೇ. ನಿಮ್ಮ ಬಟ್ಟಲನ್ನೂ ಅತ್ತೆಯ ಬಟ್ಟಲನ್ನೂ ಮೊದಲೇ ತೆಗೆದಿಟ್ಟು ಮುಚ್ಚಿ. ಮೊದಮೊದಲು ನನಗೆ ಕಳ್ಳತನ ಮಾಡಿದಂತೆ ಅನಿಸುತ್ತಿತ್ತು.

ಹಸಿ ಕೊಫ್ತೆಯನ್ನು ಒಂದಕ್ಕೊಂದು ಅಂಟದಂತೆ ತಟ್ಟೆಯಲ್ಲಿ ಜೋಡಿಸಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಮತ್ತೆ ಡಬ್ಬಿಗೆ ಹಾಕಿಟ್ಟರೆ ಒಂದು ತಿಂಗಳು ಧಾರಾಳ ಬರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಒಮ್ಮೆ ಕರಗಿದ್ದನ್ನು ಮಾತ್ರ ಮತ್ತೆ ಹೆಪ್ಪುಗಟ್ಟಿಸಬೇಡಿ, ಅವತ್ತೇ ಕಾಯಿಸಿ ಮುಗಿಸಿ. ಉಳಿದ ಅಲಸಂಡೆ ಪೇಸ್ಟ್ ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಮರುದಿನ ಬೆಳಿಗ್ಗೆ ನೀರುದೋಸೆಗೆ ಸವರಿ ಕೊಟ್ಟರೆ ಮಕ್ಕಳು ಶಾಲೆಗೆ ತಡವಾದರೂ ಇನ್ನೊಂದು ದೋಸೆ ಕೇಳುತ್ತಾರೆ.

ನಮ್ಮ ಅತ್ತೆಗೆ ಕೊಫ್ತೆ ಎಂಬ ಹೆಸರು ಇನ್ನೂ ನಾಲಗೆಗೆ ಬಂದಿಲ್ಲ. "ಆ ಎಣಿಸುವ ಪದಾರ್ಥ" ಎನ್ನುತ್ತಾರೆ. ಮಗ ಹೊಸ ಹಲ್ಲು ಕಟ್ಟಿಸಿಕೊಟ್ಟಿದ್ದಾನೆ, ಈಗ ತುಂಡು ಮಾಂಸವೂ ಆಗುತ್ತದೆ. ಆದರೂ ಮೊನ್ನೆ ಕಾವಲಿಯ ಸದ್ದು ಕೇಳಿ ಒಳಗಿನ ಕೋಣೆಯಿಂದಲೇ "ಎಷ್ಟಾಯಿತು?" ಎಂದು ವಿಚಾರಿಸಿದರು. ಇಪ್ಪತ್ತೈದು ಆಗಿತ್ತು.